42 ಕುರಿಯಲ್ಲಿ ಈದದ್ದು 17. ಉಳಿದವನ್ನು ಸಂತೆಗೆ ಹೊಡೆಯಲೇ?

ಹಟ್ಟಿಮನೆ, ಶಿರಾ ತಾಲೂಕು (ಏಪ್ರಿಲ್ 14)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 42 ಹೆಣ್ಣು ಕುರಿ, ಎರಡು ಬೀಜದ ಟಗರು ಇವೆ. ಎಲ್ಲಾ ನಾಟಿ, ಡೆಕ್ಕನಿ ಕಡೆಯವು. ಹೋದ ವರ್ಷ ಯುಗಾದಿ ಹೊತ್ತಿಗೆ 37 ಈದಿದ್ದವು. ಈ ಸಲ 17 ಮಾತ್ರ. ಮೂರು ಕುರಿ ತಿಂಗಳು ತುಂಬುವ ಮುಂಚೆಯೇ ಕಂದು ಹಾಕಿದವು. ಉಳಿದ 22 ಮೇಯ್ದುಕೊಂಡು ಆರಾಮಾಗಿ ಓಡಾಡುತ್ತಿವೆ.

ಜಂತಿನ ಔಷಧಿ ಹಾಕಿದ್ದೇನೆ. ಉಪ್ಪು ಕೊಡುತ್ತೇನೆ. ಟಗರು ಕುರಿಗಳ ಮೇಲೆ ಹಾರುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ತಪ್ಪು ಕುರಿಗಳದ್ದೇ ಅಂತ ನನ್ನ ಲೆಕ್ಕ. ಹಬ್ಬಕ್ಕೆ ಬಂದ ಭಾವ ಕೂಡ "ಗೊಡ್ಡು ಬಿದ್ದಿವೆ, ಸುಮ್ನೆ ಮೇವು ದಂಡ" ಅಂದರು.

ಮೊನ್ನೆ ಎರಡನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದೆ. ಒಬ್ಬ ವ್ಯಾಪಾರಿ ಒಂದರ ಹೊಟ್ಟೆಯ ಅಡಿಗೆ ಕೈ ಹಾಕಿ ಎರಡು ಸಲ ಮೇಲೆತ್ತಿ ಒತ್ತಿದ. ಏನೂ ಮಾತಾಡದೆ, ಉಳಿದವರು ಹೇಳಿದ್ದಕ್ಕಿಂತ ಸಾವಿರ ರೂಪಾಯಿ ಜಾಸ್ತಿ ಕೊಟ್ಟ. ಮಾರಿಬಿಟ್ಟೆ. ಇನ್ನೊಂದಕ್ಕೆ ರೇಟು ಸರಿ ಬರಲಿಲ್ಲ, ವಾಪಸ್ ತಂದೆ. ಮುಂದಿನ ವಾರ ಹತ್ತು ಹನ್ನೆರಡು ಹೊಡೆಯೋಣ ಅಂತಿದ್ದೇನೆ. ಅಮ್ಮ ಬೇಡ ಅಂತಾಳೆ. ನೀವೇನಂತೀರಿ?

ಹಳೇ ಕುರಿಗಾಹಿ, ಚಳ್ಳಕೆರೆ (ಏಪ್ರಿಲ್ 14)

ತಮ್ಮಾ, ಅಮ್ಮನ ಮಾತು ಕೇಳು. ಆ ವ್ಯಾಪಾರಿ ಸಾವಿರ ಜಾಸ್ತಿ ಕೊಟ್ಟಿದ್ದು ನಿನ್ನ ಮುಖ ನೋಡಿ ಅಲ್ಲ. ಹೊಟ್ಟೆಯಲ್ಲಿ ಮರಿ ಕೈಗೆ ಸಿಕ್ಕಿರುತ್ತದೆ. ಮೂರು ತಿಂಗಳು ದಾಟಿದ್ದರೆ ಪಳಗಿದ ಕೈಗೆ ಗೊತ್ತಾಗುತ್ತದೆ, ನೀರಲ್ಲಿ ಮುಳುಗಿದ ಚೆಂಡು ತಳ್ಳಿದರೆ ವಾಪಸ್ ಬಂದು ಮುಟ್ಟುವ ಹಾಗೆ. ನೀನು ಗಬ್ಬದ ಕುರಿ ಮಾರಿ ಬಂದಿದ್ದೀಯ.

ಟಗರು ಹಾರಿತು ಅಂದ ಮಾತ್ರಕ್ಕೆ ಗಬ್ಬ ನಿಂತಿತು ಅಂತಲ್ಲ. ಕುರಿ ಒಂದು ಗೊಡ್ಡು ಬಿದ್ದರೆ ಒಂದು ಮರಿ ಹೋಯಿತು. ಟಗರು ಕೆಟ್ಟರೆ ಹಿಂಡೇ ಹೋಯಿತು. ನಾವು ಹಿಂಡು ಪೂರ್ತಿ ನೋಡುತ್ತೇವೆ, ಟಗರಿನ ಬೀಜ ಮುಟ್ಟಿ ನೋಡುವುದಿಲ್ಲ.

ಒಂದು ಪ್ರಶ್ನೆ. ದೀಪಾವಳಿ ಹಿಂದೆ ಮುಂದೆ ನಿಮ್ಮ ಕಡೆ ನೀಲಿ ನಾಲಿಗೆ ರೋಗ ಬಂದಿತ್ತಾ?

ಹಟ್ಟಿಮನೆ, ಶಿರಾ ತಾಲೂಕು (ಏಪ್ರಿಲ್ 15)

ಬಂದಿತ್ತು ಅಣ್ಣಾ. ನಾಲ್ಕು ಮರಿ ಸತ್ತವು. ಎರಡೂ ಟಗರಿಗೆ ಜ್ವರ, ತುಟಿ ಊದಿ ಜೊಲ್ಲು ಸುರಿಯುತ್ತಿತ್ತು. ದೊಡ್ಡದು ಐದು ದಿನ ಮೇವು ಮುಟ್ಟಲಿಲ್ಲ, ಕುಂಟುತ್ತಿತ್ತು. ಅಮ್ಮ ರಾಗಿ ಗಂಜಿ ಕುಡಿಸಿ ಉಳಿಸಿದಳು. ಹದಿನೈದು ದಿನಕ್ಕೆ ಮೊದಲಿನ ಹಾಗೇ ಆದವು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಿವೃತ್ತ ಪಶುವೈದ್ಯೆ (ಏಪ್ರಿಲ್ 15)

ಇದೆ, ಪೂರಾ ಇದೆ. ಟಗರಿನಲ್ಲಿ ವೀರ್ಯಾಣು ಹುಟ್ಟಿ ತಯಾರಾಗಲು ಸುಮಾರು 49 ದಿನ ಬೇಕು. ಆಮೇಲೆ ನಾಳದಲ್ಲಿ ಮಾಗಿ ಹೊರಗೆ ಬರಲು ಇನ್ನೂ ಒಂದೆರಡು ವಾರ. ಜೋರು ಜ್ವರ ಬಂದರೆ ಆ ಇಡೀ ಬೆಳೆ ಸುಟ್ಟ ಹಾಗೆ. ಟಗರು ನೋಡಲು ಗಟ್ಟಿಯಾಗಿರುತ್ತದೆ, ಹಾರುತ್ತದೆ, ಆದರೆ ಎರಡು ತಿಂಗಳು ಗಬ್ಬ ನಿಲ್ಲುವುದಿಲ್ಲ. ಅಕ್ಟೋಬರ್ ಕೊನೆಗೆ ಜ್ವರ ಅಂದರೆ ಡಿಸೆಂಬರ್ ಕೊನೆವರೆಗೆ ಹಾರಿದ್ದೆಲ್ಲ ದಂಡ. ಜ್ವರಕ್ಕೆ ಮುಂಚೆ ಗಬ್ಬ ನಿಂತಿದ್ದವು ಈಗ ಈದಿವೆ. ಜನವರಿಯಲ್ಲಿ ನಿಂತಿದ್ದವು, ಐದು ತಿಂಗಳ ಲೆಕ್ಕ ಹಾಕಿ, ಜೂನ್‌ನಲ್ಲಿ ಈಯುತ್ತವೆ. ನಿಮ್ಮ 'ಗೊಡ್ಡು' ಕುರಿಗಳು ಬಹುಶಃ ಇವೇ.

ಈಗ ಟಗರು ನೋಡಿ. ನಿಲ್ಲಿಸಿ, ಹಿಂದಿನಿಂದ ಎರಡೂ ಬೀಜವನ್ನು ಅಂಗೈಯಲ್ಲಿ ಹಿಡಿಯಿರಿ. ಎರಡೂ ಒಂದೇ ಗಾತ್ರ ಇರಬೇಕು, ಚೀಲದೊಳಗೆ ಸಲೀಸಾಗಿ ಜಾರಬೇಕು, ಹಸಿ ನಿಂಬೆಕಾಯಿ ಹಾಗೆ ಬಿಗಿ ಇರಬೇಕು. ಹಣ್ಣಾದ ಟೊಮೆಟೊ ಥರ ಮೆತ್ತಗಿದ್ದರೆ ಕೆಟ್ಟಿದೆ. ಕೆಳತುದಿಯಲ್ಲಿ ಗಂಟು ಸಿಕ್ಕರೆ ಆ ಟಗರನ್ನು ತಕ್ಷಣ ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಇರಬಹುದು. ಮೂರು ಕಂದು ಹಾಕಿವೆ ಅಂದಿರಲ್ಲ, ಅದೇ ನನಗೆ ಚಿಂತೆ. ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ, ಆಳಕ್ಕೆ ಸುಣ್ಣ ಹಾಕಿ ಹೂಳಿ. ಈಯಿಸುವಾಗ ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಲು ಅಮ್ಮನಿಗೆ ಹೇಳಿ. ಈ ರೋಗ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲು ನೋವು.

ದೊಡ್ಡ ಟಗರು ಎಷ್ಟು ವರ್ಷದಿಂದ ಇದೆ?

ಕೋಟೆಬಯಲು (ಏಪ್ರಿಲ್ 16)

ಇಷ್ಟೆಲ್ಲಾ ಯಾಕೆ? ನಾರಿ ಸುವರ್ಣ ಟಗರು ತಂದು ಬಿಡಿ, ಒಂದೊಂದಕ್ಕೆ ಎರಡೆರಡು ಮರಿ.

ಹಳೇ ಕುರಿಗಾಹಿ, ಚಳ್ಳಕೆರೆ (ಏಪ್ರಿಲ್ 16)

ನಾನೂ ತಂದಿದ್ದೆ ಕಣಪ್ಪ. ಮಹಾರಾಷ್ಟ್ರದ ಫಲ್ಟಣದವರು ಬಂಗಾಳದ ಸುಂದರಬನದ ಗರೋಲ್ ಕುರಿಯಿಂದ ಆ ಅವಳಿ ಗುಣ ತಂದು ಕಟ್ಟಿದ ತಳಿ ಅದು. ಒಳ್ಳೆಯದೇ. ಆದರೆ ಆ ಗುಣ ಬರುವುದು ಟಗರಿನ ಹೆಣ್ಣುಮರಿಗಳಿಗೆ. ಇವತ್ತು ಟಗರು ಬಿಟ್ಟರೆ ನಾಳೆ ನಿನ್ನ ಹಳೇ ಕುರಿ ಅವಳಿ ಹಾಕುವುದಿಲ್ಲ. ಆ ಹೆಣ್ಣುಮರಿ ಬೆಳೆದು ಈದಾಗ ಎರಡು ಮರಿಗೆ ಹಾಲು ಬೇಕಲ್ಲ? ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಮರಿಗೇ ಕೆಚ್ಚಲಲ್ಲಿ ಹಾಲಿರುವುದಿಲ್ಲ. ಕಟ್ಟಿ ಮೇಯಿಸುವವರಿಗೆ ಸರಿ.

ತಮ್ಮಾ, ನೀನು ಇದು ಮಾಡು. ಕೆಮ್ಮಣ್ಣಿಗೆ ಹೊಂಗೆ ಎಣ್ಣೆ ಕಲಸಿ ಟಗರಿನ ಎದೆಗೆ ಬಳಿ. ಎರಡು ದಿನಕ್ಕೊಮ್ಮೆ ಮತ್ತೆ ಬಳಿ. ಯಾವ ಕುರಿಯ ಮೇಲೆ ಹಾರುತ್ತದೋ ಅದರ ಸೊಂಟಕ್ಕೆ ಕೆಂಪು ಹತ್ತುತ್ತದೆ. ಕುರಿ ಬೆದೆಗೆ ಬರುವುದು 17 ದಿನಕ್ಕೊಮ್ಮೆ. ಅಷ್ಟು ದಿನ ನೋಡು, ಬರೆದಿಡು.

ಹಟ್ಟಿಮನೆ, ಶಿರಾ ತಾಲೂಕು (ಮೇ 6)

ಮೇಡಂ, ದೊಡ್ಡ ಟಗರು ನಮ್ಮ ಹಟ್ಟಿಯಲ್ಲೇ ಹುಟ್ಟಿದ್ದು, ನಾಲ್ಕು ವರ್ಷದಿಂದ ಇದೆ. ಅದರ ಬಲ ಬೀಜ ಸಣ್ಣದು, ಕೆಳಗೆ ಅಡಿಕೆ ಗಾತ್ರದ ಗಂಟು. ಇಷ್ಟು ದಿನ ಮುಟ್ಟಿಯೇ ನೋಡಿರಲಿಲ್ಲ. ಬೇರೆ ಕಟ್ಟಿ ರಕ್ತ ಕೊಟ್ಟಿದ್ದೇನೆ. ಚಿಕ್ಕದು ನೀವು ಹೇಳಿದ ಹಾಗೇ ಬಿಗಿ ಇದೆ.

ಅಣ್ಣಾ, ಚಿಕ್ಕ ಟಗರಿಗೆ ಕೆಮ್ಮಣ್ಣು ಬಳಿದೆ. ಮಗಳು ನೋಟ್‌ಬುಕ್ ಇಟ್ಟಳು. ಉಳಿದ 21ರಲ್ಲಿ 8ಕ್ಕೆ ಮಾತ್ರ ಬಣ್ಣ ಹತ್ತಿದೆ. 13ಕ್ಕೆ ಹತ್ತೇ ಇಲ್ಲ! ಅವು ಪೂರ್ತಿ ಗೊಡ್ಡಾ?

ಹಳೇ ಕುರಿಗಾಹಿ, ಚಳ್ಳಕೆರೆ (ಮೇ 6)

ಅಯ್ಯೋ ತಮ್ಮಾ, ಗಬ್ಬದ ಕುರಿ ಬೆದೆಗೆ ಬರುತ್ತದಾ? ಆ 13ರ ಕೆಚ್ಚಲು ನೋಡು ಹೋಗು.

ನಿವೃತ್ತ ಪಶುವೈದ್ಯೆ (ಮೇ 7)

ನಾಲ್ಕು ವರ್ಷ ಅಂದರೆ ತನ್ನ ಮಗಳನ್ನೇ, ಮೊಮ್ಮಗಳನ್ನೇ ಹಾರುತ್ತಿದೆ ಆ ಟಗರು. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಲೇಬೇಕು, ಅದೂ ಬೇರೆ ಊರಿನ ಹಿಂಡಿನಿಂದ. 25ರಿಂದ 30 ಕುರಿಗೆ ಒಂದು. ತಂದ ಮೇಲೆ ಮೂರು ವಾರ ಬೇರೆ ಕಟ್ಟಿ, ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ. ನೀಲಿ ನಾಲಿಗೆ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿ, ಟಗರಿಗೆ ಮೊದಲು. ಬಣ್ಣ ಹತ್ತಿದ 8ಕ್ಕೆ ದಿನಕ್ಕೆ ಕಾಲು ಕೇಜಿ ಮೆಕ್ಕೆಜೋಳ ನುಚ್ಚೋ ಹುರುಳಿಯೋ ಮೂರು ವಾರ ಕೊಡಿ. ಗಬ್ಬದವಕ್ಕೆ ಕೊನೆಯ ಒಂದೂವರೆ ತಿಂಗಳು ಕೊಡಿ. ಹೊಟ್ಟೆಯೊಳಗೆ ಮರಿ ಜೋರಾಗಿ ಬೆಳೆಯುವುದು ಆಗಲೇ.

ಹಟ್ಟಿಮನೆ, ಶಿರಾ ತಾಲೂಕು (ಜೂನ್ 9)

13ರಲ್ಲಿ 11 ಈದವು. ಸಂತೆಯಿಂದ ವಾಪಸ್ ತಂದ ಕುರಿಯೇ ಮೊದಲು, ಗಂಡು ಮರಿ. ಮಾರಿದ್ದನ್ನು ನೆನೆಸಿಕೊಂಡು ಅಮ್ಮ ದಿನಾ ಒಂದು ಸಲ ಬೈಯುತ್ತಾಳೆ. ದೊಡ್ಡ ಟಗರಿನ ರಿಪೋರ್ಟ್ ಬ್ರುಸೆಲ್ಲಾ ಇಲ್ಲ ಅಂತ ಬಂತು. ಆದರೂ ಗಂಟು ಇರುವುದರಿಂದ ಹಿಂಡಿಗೆ ಬಿಡುತ್ತಿಲ್ಲ.

ಹೊಸ ಟಗರು ನೋಡಲು ಭಾನುವಾರ ಹಿರಿಯೂರು ಕಡೆ ಹೋಗುತ್ತಿದ್ದೇನೆ. ಅಣ್ಣಾ, ಬಿಡುವಿದ್ದರೆ ನೀವೂ ಬನ್ನಿ. ಬೀಜ ನಾನೇ ಮುಟ್ಟಿ ನೋಡುತ್ತೇನೆ, ರೇಟು ಮಾತ್ರ ನೀವು ಮಾತಾಡಿ.