‘ರೆಕ್ಲೇಮ್’ ಮಾಡಿದ ಜಾಗಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕೆ ನಿಮ್ಮ ನೆರವು ಬೇಕು. ಜೊತೆಗೆ ಇನ್ನೂ ಮೂರ್ನಾಲ್ಕು ಇವೆ, ಆದರೆ ತಲೆ ತಿನ್ನುತ್ತಿರುವುದು ಇದೊಂದೇ.

ನಾನಿರುವುದು ಅಮೆರಿಕದ ಯೂಟಾದಲ್ಲಿ. ಇಲ್ಲಿ ಕಾರ್ಬನ್, ಎಮರಿ ಅಂತ ಎರಡು ಕೌಂಟಿಗಳಿವೆ. ಅಲ್ಲಿನ ಬೆಟ್ಟಗಳ ಒಡಲಲ್ಲಿ ಕಲ್ಲಿದ್ದಲು ಗಣಿಗಳಿವೆ. ಅಗೆಯುವುದು ನೆಲದೊಳಗೆ. ಆದರೆ ಕಲ್ಲಿದ್ದಲ ಪದರ ಎಷ್ಟು ದಪ್ಪ, ಎಲ್ಲಿಯವರೆಗೆ ಹಬ್ಬಿದೆ ಅಂತ ತಿಳಿಯಲು ಬೆಟ್ಟದ ಮೇಲಿನಿಂದ ಕೊರೆದು ನೋಡುತ್ತಾರೆ. ಅದಕ್ಕೆ ರಿಗ್ ಬೇಕು. ರಿಗ್ ನಿಲ್ಲಲು ಮಟ್ಟಸವಾದ ಜಾಗ ಬೇಕು. ಅಲ್ಲಿಗೆ ಲಾರಿ ಹೋಗಲು ದಾರಿ ಬೇಕು. ಕೆಲಸ ಮುಗಿದ ಮೇಲೆ ಇದೆಲ್ಲವನ್ನೂ ಮೊದಲಿನ ಹಾಗೆ ಮಾಡಿಕೊಡಬೇಕು. ಮಾಡಿದ್ದಾರಾ ಅಂತ ನೋಡುವ ತಪಾಸಣೆಗೆ ಕಳೆದ ಬೇಸಿಗೆಯಲ್ಲಿ ನಾನೂ ಹೋಗಿದ್ದೆ. ಅದನ್ನು ಕನ್ನಡದಲ್ಲಿ ಬರೆಯೋಣ ಅಂತ ಕೂತರೆ ಮೊದಲ ಸಾಲಿನಲ್ಲೇ ಕೈ ನಿಂತಿತು. ‘ರೆಕ್ಲೇಮ್ಡ್’ ಅನ್ನುವುದಕ್ಕೆ ಏನು ಬರೆಯಲಿ?

ಚಾಲ್ತಿಯಲ್ಲಿರುವ ಪದ ‘ಪುನಶ್ಚೇತನ’. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದು ಪತ್ರಿಕೆಗಳಲ್ಲಿ ಜಾಸ್ತಿ ಕಂಡಿತು. ಈಗ ‘ಗಣಿ ಪರಿಸರ ಪುನಶ್ಚೇತನ ನಿಗಮ’ ಅಂತ ನಿಗಮವೇ ಇದೆ. ಆದರೆ ಕೆರೆಗೂ ಪುನಶ್ಚೇತನ, ಕಾರ್ಖಾನೆಗೂ ಪುನಶ್ಚೇತನ, ಶಿಕ್ಷಕರ ತರಬೇತಿಗೂ ಪುನಶ್ಚೇತನ. ಅದರ ಜೋಡಿಯಾಗಿ ಬರುವ ‘ಪುನರ್ವಸತಿ’ ಇನ್ನೂ ತೊಡಕಿನದು. ಅದನ್ನು ಕೇಳಿದರೆ ನಮಗೆ ನೆನಪಾಗುವುದು ಮನೆ ಕಳೆದುಕೊಂಡ ಜನ, ನೆಲ ಅಲ್ಲ. ನನ್ನ ತಕರಾರು ಇಷ್ಟೇ: ತಪಾಸಣೆಗೆ ಹೋದವರು ಏನನ್ನು ನೋಡಬೇಕು ಅಂತ ಈ ಪದಗಳು ಹೇಳುವುದಿಲ್ಲ. ‘ಪುನಶ್ಚೇತನ ಆಗಿದೆ’ ಅಂತ ಬರೆದುಬಿಡಬಹುದು. ಹೌದೋ ಅಲ್ಲವೋ ಅಂತ ಕಣ್ಣಿಂದ ನೋಡಿ ಹೇಳುವುದು ಹೇಗೆ?

ಅಲ್ಲಿ ನೋಡುವುದೆಲ್ಲ ಕಣ್ಣಿಗೆ ಕಾಣುವ ಸಂಗತಿಗಳೇ. ಮೊದಲು ಕೆರೆದು ಬೇರೆ ರಾಶಿ ಹಾಕಿದ್ದ ಮೇಲ್ಮಣ್ಣು ವಾಪಸ್ ಹರಡಿದೆಯಾ. ಲಾರಿ ಓಡಾಡಿ ಗಟ್ಟಿಯಾದ ನೆಲವನ್ನು ಆಳವಾಗಿ ಸೀಳಿದ್ದಾರಾ. ಇಳಿಜಾರಿನಲ್ಲಿ ನೀರು ಹರಿದು ಕೊರಕಲು ಬಿದ್ದಿದೆಯಾ. ಪಕ್ಕದ ಮುಟ್ಟದ ನೆಲದಲ್ಲಿರುವಷ್ಟು ಹುಲ್ಲು, ಗಿಡ ಇಲ್ಲೂ ಬಂದಿದೆಯಾ, ಬರೀ ಕಳೆಯಾ. ಹಳೇ ದಾರಿಯಲ್ಲಿ ಹೊಸ ಚಕ್ರದ ಜಾಡು ಇದೆಯಾ.

ನಾನು ಅಲ್ಲಿಂದಲೇ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ನಮ್ಮದು ಶಿರಾ ಕಡೆ. ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿದೆ. ರಿಗ್ ನಿಂತಿದ್ದ ಜಾಗ, ಸುತ್ತ ಆಸ್ಪೆನ್ ಮರ, ನಡುವೆ ಮೊಣಕಾಲೆತ್ತರದ ಹುಲ್ಲು. ಅಪ್ಪ ಒಂದು ಗಳಿಗೆ ನೋಡಿ, “ಕಣ ಉತ್ತು ಹೊಲಕ್ಕೆ ಸೇರಿಸಿದಂಗೈತಲ್ಲಪ್ಪ” ಅಂದರು.

ನಾನು ಅಲ್ಲೇ ನಿಂತೆ. ಕಣ! ರಾಗಿ ಬಡಿಯಲು ಹೊಲದ ಒಂದು ಮೂಲೆಯನ್ನು ಕೆತ್ತಿ, ಮಟ್ಟ ಮಾಡಿ, ನೀರು ಹಾಕಿ, ತುಳಿಸಿ, ಸಗಣಿ ಬಳಿದು ಗಟ್ಟಿ ಮಾಡುತ್ತಿದ್ದರು. ಸುಗ್ಗಿ ಮುಗಿದು ಮಳೆ ಬಿದ್ದ ಮೇಲೆ ಅದೇ ಕಣವನ್ನು ಉತ್ತು ಮತ್ತೆ ಹೊಲ ಮಾಡುತ್ತಿದ್ದರು. ಗಟ್ಟಿ ನೆಲ, ಒಂದು ಸಾಲು ಹೊಡೆದರೆ ಸಾಲದು ಅಂತ ಅಪ್ಪ ಎರಡು ಮೂರು ಸಲ ಉಳುತ್ತಿದ್ದದ್ದು ನೆನಪಿದೆ. ಕೊರೆಯಲು ಮಟ್ಟ ಮಾಡಿದ ಜಾಗವೂ ಹಾಗೇ ಅಲ್ವಾ? ಒಂದು ಕೆಲಸಕ್ಕೆ ಅಂತ ಮಾಡಿ, ಕೆಲಸ ಮುಗಿದ ಮೇಲೆ ಅಳಿಸುವ ನೆಲ. ಹಾಗಾಗಿ ಅದಕ್ಕೆ ‘ಕೊರೆಗಣ’ ಅನ್ನಬಹುದಾ? ‘ಚುನಾವಣಾ ಕಣ’ದ ಕಣ ಅಡ್ಡ ಬರುತ್ತದೆ ಅನ್ನಿಸುತ್ತದೆಯಾ?

ದಾರಿಗೆ ‘ಸಂಪರ್ಕ ರಸ್ತೆ’ ಬೇಡ ಅಂತ ನನ್ನ ಅನಿಸಿಕೆ. ಅದು ಎರಡು ಊರಿನ ನಡುವೆ ಕಾಯಂ ಆಗಿ ಇರುವಂಥದ್ದು. ಇದು ಅಳಿಸಲೆಂದೇ ಮಾಡಿದ್ದು. ‘ಗಾಡಿದಾರಿ’ ಹತ್ತಿರ ಬರುತ್ತದೆ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಮಣ್ಣು ಏರಿಸಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಅದಕ್ಕೆ ‘ಓರೆಬದು’ ಅಂದರೆ ಸರಿಯಾ? ಯೂಟಾದಲ್ಲಿ ಇನ್ನೊಂದು ಕ್ರಮವಿದೆ. ನೀರು ನಿಂತು ಇಂಗಲಿ ಅಂತ ಮಣ್ಣಿನ ಮೇಲೆಲ್ಲ ಯಂತ್ರದ ಬಕೆಟ್ಟಿನಿಂದ ಗುಂಡಿಗಳನ್ನು ತೋಡಿ ಬೀಜ ಹಾಕುತ್ತಾರೆ. ಇದಕ್ಕೆ ಹುಡುಕುವುದೇ ಬೇಡ, ಸಣ್ಣ ಗುಂಡಿ ತೋಡಿ ರಾಗಿ ಪೈರು ನೆಡುವ ‘ಗುಳಿ ರಾಗಿ’ಯ ಗುಳಿ ಸಾಕು.

ಕೊರೆದ ತೂತಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಮುಚ್ಚು’ ಅಂದರೆ ಬಾಯಿಗೆ ಮುಚ್ಚಳ ಹಾಕುವುದೂ ಆಗುತ್ತದೆ, ಒಳಗೆಲ್ಲ ತುಂಬುವುದೂ ಆಗುತ್ತದೆ. ಇಲ್ಲಿ ಸಿಮೆಂಟ್ ಅಥವಾ ಬೆಂಟೊನೈಟ್ ಜೇಡಿಯನ್ನು ತೂತಿನೊಳಕ್ಕೇ ಇಳಿಸಿ ತುಂಬುತ್ತಾರೆ, ಇಲ್ಲದಿದ್ದರೆ ಒಂದು ಪದರದ ನೀರು ಇನ್ನೊಂದಕ್ಕೆ ಸೇರುತ್ತದೆ. ನಮ್ಮಲ್ಲೂ ಪಾಳು ಕೊಳವೆಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಲ್ಲು ಚಪ್ಪಡಿ ಎಳೆದು ‘ಮುಚ್ಚಿದೆವು’ ಅನ್ನುವವರು ಇನ್ನೂ ಇದ್ದಾರೆ. ಅದಕ್ಕೇ ನಾನು ‘ತುಂಬು’ ಅಂತಲೇ ಬರೆಯುತ್ತೇನೆ.

ಈಗ ಮೊದಲಿನ ಪದಕ್ಕೆ ಬರುತ್ತೇನೆ. ‘ಹಸನು ಮಾಡಿದ ಜಾಗ’ ಅನ್ನೋಣ ಅಂತ ಮನಸ್ಸಿದೆ. ಹೊಲ ಹಸನು ಮಾಡುವುದು ರೈತರ ಬಾಯಲ್ಲಿರುವ ಮಾತು. ಒಂದೇ ಅಳುಕು: ಹಸನು ಅಂದರೆ ಉಳುಮೆಗೆ ಸಿದ್ಧ ಅನ್ನುವ ಅರ್ಥ ಬರುತ್ತದೆ. ಇಲ್ಲಿ ಬೇಕಿರುವುದು ಜಿಂಕೆಗೆ, ದನಕ್ಕೆ ಮೇವು, ಮೊದಲಿದ್ದ ಕಾಡು. ಇನ್ನೊಂದು ತೊಡಕು ಕಾಲದ್ದು. 1977ರ ಅಮೆರಿಕದ ಗಣಿ ಕಾನೂನಿನಂತೆ, ಗಣಿಯ ಪರವಾನಗಿ ಜಾಗದಲ್ಲಿ ಬೀಜ ಹಾಕಿದ ಮೇಲೆ 5 ವರ್ಷ ಕಂಪನಿಯೇ ಹೊಣೆ. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ 10 ವರ್ಷ. ಅಲ್ಲಿಯವರೆಗೆ, ನೆಲ ಸರಿಮಾಡಿಕೊಡುತ್ತೇವೆ ಅಂತ ಕಂಪನಿ ಇಟ್ಟ ಠೇವಣಿ ಪೂರ್ತಿ ವಾಪಸ್ ಬರುವುದಿಲ್ಲ. ಅಂದಮೇಲೆ ಬೀಜ ಹಾಕಿದ ಮರುವರ್ಷ ‘ಹಸನಾಗಿದೆ’ ಅನ್ನಬೇಕಾ, ‘ಹಸನಾಗುತ್ತಿದೆ’ ಅನ್ನಬೇಕಾ? ನಾನು ಎರಡನೆಯದರ ಕಡೆ.

ನಿಮ್ಮ ಸೀಮೆಯಲ್ಲಿ ಕಣ ಅಳಿಸಿ ಮತ್ತೆ ಹೊಲಕ್ಕೆ ಸೇರಿಸುವುದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಒಮ್ಮೆ ಕೇಳಿ.