ಉದ್ದದ ಸೆಕೆಂಡಿನ ಮುಳ್ಳು ನಿಂತೇ ಇದೆ: ಕ್ರೋನೋಗ್ರಾಫ್ ವಾಚು ಬಳಸುವುದು ಹೇಗೆ?

ಪ್ರಶ್ನೆ (ಕುಮಟಾ, ಪ್ರೌಢಶಾಲೆಯ ದೈಹಿಕ ಶಿಕ್ಷಕ):
ದುಬೈಯಿಂದ ಬಂದ ಭಾವ ನನಗೊಂದು ಸೆಲ್ ಹಾಕುವ ಕ್ರೋನೋಗ್ರಾಫ್ ಕೈಗಡಿಯಾರ ತಂದುಕೊಟ್ಟಿದ್ದಾರೆ. ಡಯಲ್ಲಿನೊಳಗೆ ಮೂರು ಪುಟ್ಟ ವೃತ್ತಗಳಿವೆ. ಎಡಗಡೆಯದರಲ್ಲಿ 60ರವರೆಗೆ, ಬಲಗಡೆಯದರಲ್ಲಿ 24ರವರೆಗೆ ಅಂಕಿಗಳಿವೆ. ಕೆಳಗಿನದರಲ್ಲಿ ಸಣ್ಣ ಮುಳ್ಳೊಂದು ಸದಾ ಸುತ್ತುತ್ತಿದೆ. ಆದರೆ ನಡುವಿನ ಉದ್ದದ ಸೆಕೆಂಡಿನ ಮುಳ್ಳು 12ರ ಮೇಲೆ ನಿಂತುಬಿಟ್ಟಿದೆ. ಅಂಚಿನಲ್ಲಿ 500, 400 ಎಂದು ಇಳಿಯುತ್ತಾ 60ರವರೆಗೆ ಬರುವ ಅಂಕಿಗಳಿವೆ. ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿದೆ. ಮಕ್ಕಳ ಓಟಕ್ಕೆ ಇದನ್ನೇ ಬಳಸಬೇಕೆಂಬ ಆಸೆ. ವಾಚು ಕೆಟ್ಟಿದೆಯೋ, ನನಗೆ ಗೊತ್ತಾಗುತ್ತಿಲ್ಲವೋ, ದಯವಿಟ್ಟು ತಿಳಿಸಿ.

ಉತ್ತರ (ಕಾರವಾರ, ವಾಚ್ ದುರಸ್ತಿ ಮಾಡುವವರು):
ಮಾಸ್ತರರೇ, ವಾಚು ಸರಿಯಾಗಿದೆ. ಕ್ರೋನೋಗ್ರಾಫ್ ಎಂದರೆ ಸ್ಟಾಪ್ ವಾಚೂ ಸೇರಿರುವ ಕೈಗಡಿಯಾರ. ಆ ಉದ್ದದ ಮುಳ್ಳು ನಿಂತಿರಬೇಕಾದದ್ದೇ ಹಾಗೆ. ಅದು ಗಡಿಯಾರದ ಸೆಕೆಂಡಿನ ಮುಳ್ಳಲ್ಲ, ಸ್ಟಾಪ್ ವಾಚಿನ ಮುಳ್ಳು. ನೀವು ಕರೆದಾಗ ಮಾತ್ರ ಓಡುತ್ತದೆ. ಹೊತ್ತು ತೋರಿಸುವ ಸೆಕೆಂಡು ಕೆಳಗಿನ ಪುಟ್ಟ ವೃತ್ತದಲ್ಲಿದೆ. ಅದು ಸುತ್ತುತ್ತಿದ್ದರೆ ಸೆಲ್‌ಗೆ ಜೀವವಿದೆ ಎಂದರ್ಥ. 'ಮುಳ್ಳು ನಿಂತಿದೆ, ಸೆಲ್ ಬದಲಿಸಿ' ಎಂದು ಅಂಗಡಿಗೆ ಬರುವವರು ಬಹಳ. ಅಂಥವರಿಗೆ ದುರಸ್ತಿಯಿಲ್ಲದೆ ವಿವರಿಸಿ ಕಳುಹಿಸುತ್ತೇನೆ. ಯಾವುದೇ ಗುಂಡಿ ಮುಟ್ಟುವ ಮೊದಲು ಯಾವ ಮುಳ್ಳು ಯಾವುದರದ್ದು ಎಂದು ಗುರುತು ಮಾಡಿಕೊಳ್ಳಿ. ಇದನ್ನು ಕಲಿತರೆ ಮುಕ್ಕಾಲು ಪಾಲು ಕಲಿತಂತೆ.

ಬಲಗಡೆಯ 24ರ ವೃತ್ತ ಗಂಟೆಯ ಮುಳ್ಳಿಗೇ ಕಟ್ಟಿಕೊಂಡಿರುತ್ತದೆ. ಹಗಲೋ ರಾತ್ರಿಯೋ ಎಂದು ತೋರಿಸುವುದಷ್ಟೇ ಅದರ ಕೆಲಸ. ಆದರೂ ದಿನಾಂಕ ಹೊಂದಿಸುವಾಗ ಉಪಕಾರಕ್ಕೆ ಬರುತ್ತದೆ: ರಾತ್ರಿ 9ರಿಂದ ನಸುಕಿನ 3ರವರೆಗೆ ದಿನಾಂಕದ ಹಲ್ಲುಚಕ್ರ ಕಚ್ಚಿಕೊಂಡಿರುವ ಹೊತ್ತು, ಆಗ ದಿನಾಂಕ ತಿರುಗಿಸಬೇಡಿ.

ಈಗ ಗುಂಡಿಗಳು. ನಡುವಿನದು ಕ್ರೌನ್, ಸಮಯ ಹೊಂದಿಸಲು. ಅದು ಪೂರ್ತಿ ಒಳಗೆ ಒತ್ತಿರಲಿ. ಮೇಲಿನ ಗುಂಡಿ ಒತ್ತಿದರೆ ಓಟ ಶುರು, ಮತ್ತೆ ಒತ್ತಿದರೆ ನಿಲುಗಡೆ. ನಿಂತ ಮೇಲೆ ಕೆಳಗಿನದನ್ನು ಒತ್ತಿದರೆ ಮುಳ್ಳು ಸೊನ್ನೆಗೆ ಮರಳುತ್ತದೆ. ಸೆಕೆಂಡನ್ನು ಉದ್ದದ ಮುಳ್ಳಿನಿಂದಲೂ ನಿಮಿಷವನ್ನು ಎಡಗಡೆಯ ವೃತ್ತದಿಂದಲೂ ಓದಿ. ಚಾವಿ ಕೊಡುವ ಅಥವಾ ಆಟೋಮ್ಯಾಟಿಕ್ ಯಂತ್ರದ ಕ್ರೋನೋಗ್ರಾಫ್ ಇದ್ದವರಿಗೆ ಒಂದು ಎಚ್ಚರಿಕೆ: ಮುಳ್ಳು ಓಡುತ್ತಿರುವಾಗ ಕೆಳಗಿನ ಗುಂಡಿಯನ್ನು ಬಲವಂತವಾಗಿ ಒತ್ತಬಾರದು. ಹಾಗೆ ಒತ್ತಲೆಂದೇ ಮಾಡಿದ ಕೆಲವು ವಾಚುಗಳ ಮಾತು ಬೇರೆ.

ಸೆಲ್‌ನ ಅನೇಕ ವಾಚುಗಳಲ್ಲಿ ಇದೇ ಕೆಳಗಿನ ಗುಂಡಿಗೆ ಇನ್ನೊಂದು ಶಕ್ತಿಯಿದೆ, ಅದು ನಿಮಗೆ ಬೇಕಾದದ್ದೇ. ಓಟ ನಡೆಯುತ್ತಿರುವಾಗ ಒತ್ತಿದರೆ ಮುಳ್ಳು ನಿಲ್ಲುತ್ತದೆ, ಒಳಗಿನ ಎಣಿಕೆ ನಿಲ್ಲುವುದಿಲ್ಲ. ಮೊದಲನೆಯವನು ಗೆರೆ ದಾಟಿದಾಗ ಕೆಳಗಿನದನ್ನು ಒತ್ತಿ, ಎರಡನೆಯವನು ದಾಟಿದಾಗ ಮೇಲಿನದನ್ನು ಒತ್ತಿ. ಆಗ ಮುಳ್ಳು ಇನ್ನೂ ಮೊದಲನೆಯವನ ಸಮಯವನ್ನೇ ತೋರಿಸುತ್ತಿರುತ್ತದೆ. ಬರೆದುಕೊಳ್ಳಿ. ಮತ್ತೆ ಕೆಳಗಿನದನ್ನು ಒತ್ತಿದರೆ ಮುಳ್ಳು ಜಿಗಿದು ಎರಡನೆಯವನ ಸಮಯಕ್ಕೆ ಹೋಗಿ ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ಸೊನ್ನೆ. ಮನೆಯಲ್ಲಿ ಕುಳಿತು ಬೆರಳಿಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿ, ಮೈದಾನದಲ್ಲಿ ಯೋಚಿಸಲು ಸಮಯವಿರುವುದಿಲ್ಲ.

ಇನ್ನೊಂದು ಮಾತು, ನಿಮಗೆ ಗೊತ್ತಿರಲೂಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಮೀಟರ್ ಓಟದಲ್ಲಿ ನೀವು ಕೊನೆಯ ಗೆರೆಯಲ್ಲಿ ನಿಂತು ಸದ್ದು ಕೇಳಿ ಒತ್ತಿದರೆ ಹೆಚ್ಚುಕಡಿಮೆ 0.3 ಸೆಕೆಂಡು ತಡವಾಗಿರುತ್ತದೆ, ಪುಕ್ಕಟೆಯಾಗಿ ಎಲ್ಲರೂ ವೇಗದ ಓಟಗಾರರಾಗುತ್ತಾರೆ. ಪಿಸ್ತೂಲಿನ ಹೊಗೆ ಅಥವಾ ಕ್ಲ್ಯಾಪರ್ ಹಲಗೆಗಳು ಕೂಡುವುದನ್ನು ಕಣ್ಣಿನಲ್ಲಿ ನೋಡಿ ಒತ್ತಿ. ಕೊನೆಯಲ್ಲಿ ತಲೆ, ಕೈ ಲೆಕ್ಕಕ್ಕಿಲ್ಲ, ಎದೆಯ ಭಾಗ ಗೆರೆ ಮುಟ್ಟಿದ ಕ್ಷಣವೇ ಸಮಯ.

ಪ್ರಶ್ನೆ (ಅಂಕೋಲಾ, ಕಾಲೇಜು ವಿದ್ಯಾರ್ಥಿ):
ಅಣ್ಣಾ, ಮೊಬೈಲಿನಲ್ಲಿ ನೂರನೇ ಒಂದಂಶ ಸೆಕೆಂಡು ತೋರಿಸುವ ಸ್ಟಾಪ್ ವಾಚ್ ಇರುವಾಗ ಇಷ್ಟು ಕಷ್ಟ ಯಾಕೆ? ಅಂಚಿನ 500, 400 ಎಂಬ ಅಂಕಿಗಳು ಏನು?

ಉತ್ತರ:
ತಮ್ಮಾ, ಆಗಸ್ಟಿನ ಮಳೆಯಲ್ಲಿ ಒದ್ದೆ ಬೆರಳಿನಿಂದ ಮೊಬೈಲಿನ ಗಾಜು ಮುಟ್ಟಿ ನೋಡು, ಉತ್ತರ ಸಿಗುತ್ತದೆ. ಗುಂಡಿಯನ್ನು ನೋಡದೆ ಒತ್ತಬಹುದು, ಕಣ್ಣು ಓಟಗಾರನ ಮೇಲೇ ಇರುತ್ತದೆ. 1970ರಲ್ಲಿ ಅಪೋಲೋ 13 ನೌಕೆ ಕೆಟ್ಟು ಭೂಮಿಗೆ ಮರಳುತ್ತಿದ್ದಾಗ ದಾರಿ ಸರಿಪಡಿಸಲು 14 ಸೆಕೆಂಡು ಎಂಜಿನ್ ಉರಿಸಬೇಕಾಯಿತು. ವಿದ್ಯುತ್ ಉಳಿಸಲು ಉಪಕರಣಗಳನ್ನು ಆರಿಸಿದ್ದರು. ಆ 14 ಸೆಕೆಂಡನ್ನು ಅಳೆದದ್ದು ಗಗನಯಾತ್ರಿಯ ಕೈಗಡಿಯಾರದ ಕ್ರೋನೋಗ್ರಾಫ್. ನನಗೆ ಈ ವಾಚುಗಳ ಮೇಲೆ ಇರುವ ಗೌರವಕ್ಕೆ ಅದೂ ಒಂದು ಕಾರಣ.

ಅಂಚಿನದು ಟ್ಯಾಕಿಮೀಟರ್, ವೇಗ ಅಳೆಯುವ ಪಟ್ಟಿ. 3600ನ್ನು ಸೆಕೆಂಡಿನಿಂದ ಭಾಗಿಸಿದ ಲೆಕ್ಕವನ್ನೇ ಅಲ್ಲಿ ಅಚ್ಚು ಹಾಕಿರುತ್ತಾರೆ. ಅಂಕೋಲಾದಿಂದ ಕುಮಟಾಕ್ಕೆ ಕೊಂಕಣ ರೈಲಿನಲ್ಲಿ ಹೋಗುವಾಗ ಹಳಿಯ ಪಕ್ಕದ ಕಿಲೋಮೀಟರ್ ಫಲಕ ಕಂಡೊಡನೆ ಮೇಲಿನ ಗುಂಡಿ ಒತ್ತು, ಮುಂದಿನದು ಬಂದಾಗ ನಿಲ್ಲಿಸು. 40 ಸೆಕೆಂಡು ಆಗಿದ್ದರೆ ಮುಳ್ಳಿನ ತುದಿ 90ರ ಮೇಲಿರುತ್ತದೆ, ಅಂದರೆ ಗಂಟೆಗೆ 90 ಕಿಲೋಮೀಟರ್. ಒಂದು ನಿಮಿಷ ಮೀರಿದರೆ ಪಟ್ಟಿ ಉಪಯೋಗಕ್ಕಿಲ್ಲ. ಬೈಕ್ ಓಡಿಸುತ್ತಾ ಹೆದ್ದಾರಿಯಲ್ಲಿ ಈ ಪ್ರಯೋಗ ಖಂಡಿತ ಬೇಡ.

ಮಾಸ್ತರರಿಗೂ ಇದು ಬೇಕಾದೀತು. ಹುಡುಗ 100 ಮೀಟರನ್ನು 15 ಸೆಕೆಂಡಿನಲ್ಲಿ ಓಡಿದರೆ ಮುಳ್ಳು 240 ತೋರಿಸುತ್ತದೆ. ದೂರ ಕಿಲೋಮೀಟರಿನ ಹತ್ತನೇ ಒಂದು ಭಾಗವಾದ್ದರಿಂದ ಹತ್ತರಿಂದ ಭಾಗಿಸಿ: ಗಂಟೆಗೆ 24 ಕಿಲೋಮೀಟರ್. ಮಕ್ಕಳಿಗೆ ಹೀಗೆ ಹೇಳಿ ನೋಡಿ, ಕಣ್ಣರಳಿಸುತ್ತಾರೆ.

ಪ್ರಶ್ನೆ (ಬೈತಖೋಲ, ಬೋಟಿನ ತಾಂಡೇಲ):
ನನ್ನ ವಾಚಿನ ಹಿಂದೆ 50 ಮೀಟರ್ ಎಂದು ಬರೆದಿದೆ. ಆದರೂ ಗಾಜಿನೊಳಗೆ ಆವಿ ಕಟ್ಟಿದೆ, ಮೇಲಿನ ಗುಂಡಿ ಒಳಗೆ ಹೋದರೆ ಹೊರಗೆ ಬರುತ್ತಿಲ್ಲ. ಸೆಲ್ ಹೋದ ವರ್ಷ ರಸ್ತೆ ಬದಿಯಲ್ಲಿ ಬದಲಿಸಿದ್ದು.

ಉತ್ತರ:
ತಾಂಡೇಲರೇ, ಇಂದೇ ತನ್ನಿ, ನಾಳೆಗೆ ಇಡಬೇಡಿ. ಸಮುದ್ರದ ನೀರು ಒಳಗೆ ಹೋಗಿದ್ದರೆ ಯಂತ್ರ ಬೇಗ ತುಕ್ಕು ಹಿಡಿಯುತ್ತದೆ. ಬರುವವರೆಗೆ ಯಾವ ಗುಂಡಿಯನ್ನೂ ಒತ್ತಬೇಡಿ.

50 ಮೀಟರ್ ಎಂದರೆ ಐವತ್ತು ಮೀಟರ್ ಆಳಕ್ಕೆ ಹೋಗಬಹುದು ಎಂದಲ್ಲ. ವಾಚು ಅಲುಗಾಡದೆ ಇರುವಾಗ ಪ್ರಯೋಗಾಲಯದಲ್ಲಿ ಕೊಟ್ಟ ಒತ್ತಡದ ಲೆಕ್ಕ ಅದು. 30 ಮೀಟರ್ ಬರೆದದ್ದು ಕೈ ತೊಳೆಯುವ ಸಿಡಿನೀರಿಗೆ ಸಾಕು. ನಿಯಮಿತವಾಗಿ ಈಜುವವರಿಗೆ 100 ಮೀಟರಿನದು ಬೇಕು. ಕ್ರೋನೋಗ್ರಾಫಿಗೆ ಸಾಮಾನ್ಯ ವಾಚಿಗಿಂತ ಎರಡು ತೂತು ಹೆಚ್ಚು, ಪ್ರತಿ ಗುಂಡಿಗೂ ಒಂದೊಂದು ರಬ್ಬರ್ ಬಳೆ. ನೀರಿನೊಳಗೆ, ಅಥವಾ ಮೇಲೆ ನೀರು ನಿಂತಿರುವಾಗ ಒತ್ತಿದರೆ ಆ ಬಳೆಯ ಪಕ್ಕದಿಂದ ನೀರು ನುಸುಳುತ್ತದೆ. ನಿಮ್ಮ ಗುಂಡಿ ಸಿಕ್ಕಿಕೊಂಡದ್ದು ಬಹುಶಃ ಉಪ್ಪು ಗಟ್ಟಿಯಾಗಿ. ದಿನದ ಕೆಲಸ ಮುಗಿದ ಮೇಲೆ ಕ್ರೌನ್ ಒಳಗೆ ಒತ್ತಿಕೊಂಡು, ಸಿಹಿನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ. ಸೆಲ್ ಬದಲಿಸುವಾಗ ಹಿಂಬದಿ ಮುಚ್ಚಳದ ಬಳೆಯನ್ನೂ ನೋಡಬೇಕು, ಆಮೇಲೆ ನೀರಿನ ಪರೀಕ್ಷೆ ಮಾಡಿಸಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಇದನ್ನು ಬಿಟ್ಟರೆ ಒಳ್ಳೆಯ ವಾಚೂ ಬಾಳುವುದಿಲ್ಲ.

ಪ್ರಶ್ನೆ (ಶಿರಸಿ, ಅಡಿಕೆ ಬೆಳೆಗಾರರ ಮಗಳು):
ಅಣ್ಣಾ, ಅಪ್ಪನ ವಾಚಿನಲ್ಲೂ ಮೂರು ವೃತ್ತಗಳಿವೆ: ವಾರ, ದಿನಾಂಕ, 24 ಗಂಟೆ. ಗುಂಡಿ ಒತ್ತಿದರೆ ವಾರ ಬದಲಾಗುತ್ತದೆ, ಸ್ಟಾಪ್ ವಾಚ್ ಓಡುವುದೇ ಇಲ್ಲ. ಗುಡುಗಿನ ದೂರ ತಿಳಿಯುವ ವಾಚುಗಳಿವೆ ಎಂದು ಕೇಳಿದ್ದೇನೆ, ನಿಜವೇ?

ಉತ್ತರ:
ತಂಗೀ, ಅಪ್ಪನದು ಮಲ್ಟಿಫಂಕ್ಷನ್ ವಾಚು, ಕ್ರೋನೋಗ್ರಾಫ್ ಅಲ್ಲ. ನೋಟಕ್ಕೆ ಎರಡೂ ಒಂದೇ. ಉದ್ದದ ಸೆಕೆಂಡಿನ ಮುಳ್ಳು ಸದಾ ಓಡುತ್ತಿದ್ದರೆ, ಸೊನ್ನೆಗೆ ಮರಳುವ ಮುಳ್ಳೇ ಇಲ್ಲದಿದ್ದರೆ, ಅದರಲ್ಲಿ ಸ್ಟಾಪ್ ವಾಚ್ ಹುಡುಕಬೇಡಿ.

ಗುಡುಗಿನ ಮಾತು ನಿಜ. ಟೆಲಿಮೀಟರ್ ಪಟ್ಟಿ ಇರುವ ಕ್ರೋನೋಗ್ರಾಫ್‌ಗಳಿವೆ. ಮಿಂಚು ಕಂಡಾಗ ಶುರು, ಗುಡುಗು ಕೇಳಿದಾಗ ನಿಲುಗಡೆ, ಮುಳ್ಳು ನೇರವಾಗಿ ಕಿಲೋಮೀಟರ್ ತೋರಿಸುತ್ತದೆ. ಆದರೆ ಅದಕ್ಕಾಗಿ ಹೊಸ ವಾಚು ಬೇಡ. ಅಪ್ಪನ ವಾಚಿನಲ್ಲೇ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರಿನೊಳಗಿದೆ. ತೋಟದಲ್ಲಿದ್ದರೆ, ಅದರಲ್ಲೂ ಉದ್ದನೆಯ ದೋಟಿ ಹಿಡಿದು ನಿಂತಿದ್ದರೆ, ಕೆಲಸ ಬಿಟ್ಟು ಮನೆಯೊಳಗೆ ಬನ್ನಿ.

ಕುಮಟಾದ ಶಿಕ್ಷಕರು ಮತ್ತೆ:
ಇಂದು 800 ಮೀಟರ್ ಓಡಿಸಿದೆ. ಉದ್ದದ ಮುಳ್ಳು 52ರಲ್ಲಿ ನಿಂತಿತು. ನಿಮಿಷದ ಮುಳ್ಳು 3ಕ್ಕೆ ತಾಗಿದಂತೆಯೇ ಇತ್ತು. 3:52 ಎಂದು ಬರೆದರೆ ಹುಡುಗ ಒಪ್ಪುತ್ತಿಲ್ಲ. ಸೊನ್ನೆಗೆ ತಂದಾಗ ಮುಳ್ಳು 12ರ ಬದಲು ಒಂದು ಗೆರೆ ಮುಂದೆ ನಿಲ್ಲುತ್ತಿದೆ.

ಉತ್ತರ:
ಹುಡುಗನೇ ಸರಿ. ನಿಮ್ಮ ವಾಚಿನ ನಿಮಿಷದ ಮುಳ್ಳು ಜಿಗಿಯುವುದಿಲ್ಲ, ನಿಧಾನವಾಗಿ ತೆವಳುತ್ತದೆ. 52ನೇ ಸೆಕೆಂಡಿಗೆ ಅದು ಮುಂದಿನ ಗೆರೆಯ ಹತ್ತಿರವೇ ಇರುತ್ತದೆ. ದಾಟಿದ ಗೆರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ: 3 ಇನ್ನೂ ದಾಟಿಲ್ಲ, ಹಾಗಾಗಿ ವಾಚು ತೋರಿಸಿದ್ದು 2:52.

ಮುಳ್ಳು ಒಂದು ಗೆರೆ ಸರಿದಿರುವುದಕ್ಕೆ ಅಂಗಡಿಗೆ ಬರಬೇಕಿಲ್ಲ. ಸ್ಟಾಪ್ ವಾಚನ್ನು ನಿಲ್ಲಿಸಿ ಸೊನ್ನೆ ಮಾಡಿ, ಕ್ರೌನ್ ಪೂರ್ತಿ ಹೊರಗೆಳೆಯಿರಿ. ನಂತರ ಮೇಲಿನ ಅಥವಾ ಕೆಳಗಿನ ಗುಂಡಿಯನ್ನು ಮೆಲ್ಲಗೆ ಒತ್ತುತ್ತಾ ಹೋಗಿ, ಒಂದೊಂದು ಒತ್ತಿಗೆ ಮುಳ್ಳು ಒಂದೊಂದು ಹೆಜ್ಜೆ ಸರಿಯುತ್ತದೆ. 12ಕ್ಕೆ ಬಂದಾಗ ಸರಿಯಾದ ಸಮಯ ಹೊಂದಿಸಿ ಕ್ರೌನ್ ಒಳಗೊತ್ತಿ. ಆ ಒಂದು ಗೆರೆ ಇಂದಿನ ಓಟಕ್ಕೂ ಸೇರಿದೆ, ಹಾಗಾಗಿ ಹುಡುಗನ ಹೆಸರಿನ ಮುಂದೆ 2:51 ಎಂದು ಬರೆಯಿರಿ.