ಸಹಾಯ ಬೇಕು: ಚಾನೆಲ್ ತೆರೆದೇ ಇದ್ದರೂ ಸ್ನಾಯು ಸಡಿಲವಾಗುವುದು ಹೇಗೆ?

ನಮಸ್ಕಾರ. ಫಿಸಿಯಾಲಜಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ನರ ಬಂದು ಸ್ನಾಯುವಿಗೆ ಸೇರುವ ಜಾಗದ ನಿಕೋಟಿನಿಕ್ ರಿಸೆಪ್ಟರ್ (ನರದ ಸಂದೇಶ ಹಿಡಿಯುವ ಪ್ರೋಟೀನ್) ಒಂದು ಮಟ್ಟಕ್ಕೆ ಅರ್ಥವಾಗಿದೆ. ಸುತ್ತ 5 ಪ್ರೋಟೀನ್ ತುಂಡುಗಳು, ನಡುವೆ ರಂಧ್ರ, ಅದೇ ಚಾನೆಲ್. ನರ ಬಿಡುವ ಸಂದೇಶದ ರಾಸಾಯನಿಕ ಅಸಿಟೈಲ್‌ಕೋಲಿನ್‌ನ 2 ಅಣುಗಳು ಬಂದು ಕೂತರೆ ರಂಧ್ರ ತೆರೆಯುತ್ತದೆ. ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ, ಎರಡಕ್ಕೂ ಅದೇ ದಾರಿ. ಆದರೆ ಕೋಶದ ಒಳಗೆ ಸುಮಾರು ಮೈನಸ್ 90 ಮಿಲಿವೋಲ್ಟ್ ಇರುವುದರಿಂದ ಸೋಡಿಯಂ ನುಗ್ಗುವುದೇ ಜಾಸ್ತಿ. ಇಷ್ಟು ಸರಿ ಅಲ್ವಾ? ಆಮೇಲೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಎಂಜೈಮ್ ಬಂದು ಆ ಅಸಿಟೈಲ್‌ಕೋಲಿನ್ ಅನ್ನು ಒಡೆದು ಹಾಕುತ್ತದೆ, ಅಲ್ಲಿಗೆ ಮುಗಿಯಿತು.

ನನಗೆ ತಲೆ ಕೆಟ್ಟಿರುವುದು ಸಕ್ಸಿನೈಲ್‌ಕೋಲಿನ್ (ಸ್ನಾಯು ಸಡಿಲಿಸುವ ಔಷಧ) ವಿಷಯಕ್ಕೆ. ಅದೂ ಇದೇ ಚಾನೆಲ್ ತೆರೆಯುತ್ತದೆ, ಆದರೆ ಆ ಎಂಜೈಮ್‌ಗೆ ಬಗ್ಗುವುದಿಲ್ಲ. ಮೊದಲು ಸ್ನಾಯು ಅಲ್ಲಲ್ಲಿ ಅದುರುತ್ತದೆ, ಸ್ವಲ್ಪ ಹೊತ್ತಿಗೆ ಪೂರ್ತಿ ಸಡಿಲ! ಕ್ಯುರಾರೆ ಎಂಬ ವಿಷ ಅಸಿಟೈಲ್‌ಕೋಲಿನ್ ಕೂರುವ ಜಾಗ ಹಿಡಿದು ಕೂತು ತಡೆಯುತ್ತದೆ, ಅದು ಸರಿ. ಇದು ತೆರೆದು ತಡೆಯುವುದು ಹೇಗೆ?

ಪಕ್ಕದ, ವೋಲ್ಟೇಜ್ ಬದಲಾದಾಗ ತೆರೆಯುವ ಸೋಡಿಯಂ ಚಾನೆಲ್‌ಗಳು ಮತ್ತೆ ಸಿದ್ಧವಾಗದೆ ಉಳಿಯುತ್ತವೆ ಎನ್ನುತ್ತಾರೆ ಒಬ್ಬರು. ರಿಸೆಪ್ಟರೇ ಡಿಸೆನ್ಸಿಟೈಸ್ ಆಗುತ್ತದೆ (ಅಣು ಕೂತಿದ್ದರೂ ಸ್ಪಂದಿಸುವುದಿಲ್ಲ) ಎನ್ನುತ್ತಾರೆ ಇನ್ನೊಬ್ಬರು. ಎರಡೂ ಆಗುತ್ತಾ? ಹಾಗಾದರೆ ಯಾವುದು ಮೊದಲು? ಸುಮ್ನೆ ಪುಸ್ತಕದ ಸಾಲು ಹಾಕಬೇಡಿ, ಕೈಯಲ್ಲೇ ಒಂದು ಚಿತ್ರ ಗೀಚಿ ಹಾಕಿದರೂ ಸಾಕು.